ನಾರ್ವೆಯ ವಾದ್ಯವೃಂದಕ್ಕೆ ನನ್ನ ವಂದನಾರ್ಪಣೆ

ಸಭೆ ಸಮಾರಂಭಗಳಲ್ಲಿ ವೇದಿಕೆ ಹತ್ತುವವರ ಪೈಕಿ ಅತ್ಯಂತ ನತದೃಷ್ಟ ಯಾರು ಎಂದು ಯಾರಾದರೂ ನನ್ನನ್ನು ಕೇಳಿದರೆ, ವಂದನಾರ್ಪಣೆ ಮಾಡುವವನು ಎಂದು ಹಿಂದೆಮುಂದೆ ನೋಡದೆ ಹೇಳಿಬಿಡುತ್ತೇನೆ. ಪ್ರಾರ್ಥನೆ ಹಾಡುವ ಹುಡುಗಿಗೆ ಕೊನೆಪಕ್ಷ ಅವಳ ತಾಯಿಯಾದರೂ ಕಿವಿಗೊಟ್ಟಿರುತ್ತಾಳೆ. ಸ್ವಾಗತ ಮಾಡುವವನಿಗೆ ಹಾರ ಹಾಕಿಸುವ ಸಡಗರವಿದೆ, ಉದ್ಘಾಟಕರಿಗೆ ದೀಪವಿದೆ, ಅಧ್ಯಕ್ಷರಿಗೆ ಎತ್ತರದ ಬೆನ್ನಿನ ಕುರ್ಚಿಯಿದೆ. ವಂದನಾರ್ಪಣೆಯವನು ಮಾತ್ರ ಮೈಕಿನ ಮುಂದೆ ಬಂದು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಸಭೆಗೆ ಸಭೆಯೇ ಎದ್ದು ಚಪ್ಪಲಿ ಹುಡುಕುತ್ತಿರುತ್ತದೆ. ಅವನ ಮಾತನ್ನು ಕೊನೆತನಕ ಕೇಳುವವನು ಮೈಕ್ ಸೆಟ್ಟಿನವನೊಬ್ಬನೇ, ಅವನಿಗೂ ವೈರು ಸುತ್ತಿಕೊಂಡು ಹೋಗುವ ಅವಸರ. ಇಷ್ಟೆಲ್ಲ ಗೊತ್ತಿದ್ದೂ ನಾನು ತುಮಕೂರಿನಲ್ಲಿ ಎಷ್ಟೋ ವರ್ಷ ವಂದನಾರ್ಪಣೆ ಮಾಡಿಕೊಂಡು ಬಂದೆ. ನನ್ನ ಹೆಸರು ಚಂದ್ರಶೇಖರಯ್ಯ. ಊರಿನ ಸಂಘ ಸಂಸ್ಥೆಗಳವರಿಗೆ ಮಾತ್ರ ನಾನು ಇವತ್ತಿಗೂ ವಂದನಾರ್ಪಣೆ ಚಂದ್ರಣ್ಣ.

ಈ ಬಿರುದು ಸುಮ್ಮನೆ ಬಂದದ್ದಲ್ಲ. ನಾನು ಊರಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ಒಂದು ನಟ್ಟು ಹೆಚ್ಚುಕಮ್ಮಿಯಾದರೂ ರಾತ್ರಿ ನಿದ್ದೆ ಬಾರದ ಜಾತಿ. ಅದೇ ಅಭ್ಯಾಸ ವೇದಿಕೆಗೂ ಬಂತು. ಕೈಯಲ್ಲಿ ಒಂದು ಚೀಟಿ ಇಲ್ಲದೆ ಮುಖ್ಯ ಅತಿಥಿಯಿಂದ ಹಿಡಿದು ಕುಡಿಯುವ ನೀರಿನ ಡ್ರಮ್ಮು ತಂದವನವರೆಗೆ ಒಬ್ಬರನ್ನೂ ಬಿಡದೆ ನೆನೆಯುತ್ತಿದ್ದೆ. ಒಂದು ಸಲ ನಾನು ಜ್ವರ ಬಂದು ಮಲಗಿದ್ದಾಗ ಬೇರೆ ಯಾರೋ ವಂದನಾರ್ಪಣೆ ಮಾಡಿ ಶಾಮಿಯಾನದವರ ಹೆಸರು ಮರೆತುಬಿಟ್ಟರು. ಮುಂದಿನ ವರ್ಷ ಆ ಪುಣ್ಯಾತ್ಮರು ಶಾಮಿಯಾನವನ್ನು ಎಷ್ಟು ತಗ್ಗಿಗೆ ಕಟ್ಟಿದರೆಂದರೆ, ಬಂದ ಗಣ್ಯರೆಲ್ಲ ತಲೆ ಬಗ್ಗಿಸಿಕೊಂಡೇ ವೇದಿಕೆ ಹತ್ತಬೇಕಾಯಿತು. ಅಂದಿನಿಂದ ನನ್ನ ಬೆಲೆ ಊರಿಗೆ ತಿಳಿಯಿತು. ನನ್ನ ಹೆಂಡತಿ ಲಲಿತಳಿಗೆ ಮಾತ್ರ ಅದು ತಿಳಿಯಲೇ ಇಲ್ಲ. “ನಮ್ಮನೇಲಿ ಕಾಫಿ ಕೊಟ್ಟೋರಿಗೆ ಒಂದಿನ ಥ್ಯಾಂಕ್ಸ್ ಹೇಳಿದ್ದು ಕಾಣೆ, ಹೊರಗಡೆ ನೀರಿನ ಡ್ರಮ್ಮಿಗೂ ಹೇಳಿ ಬರ್ತೀರ” ಎನ್ನುತ್ತಿದ್ದಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಗುಬ್ಬಿಯ ಪುಟ್ಟರಂಗಪ್ಪನವರೆಂಬ ಕೊಬ್ಬರಿ ವ್ಯಾಪಾರಿಗಳು ನಮ್ಮ ನಾದಮೈತ್ರಿ ಎಂಬ ಸಂಗೀತ ಬಳಗದ ಅಧ್ಯಕ್ಷರಾಗಿದ್ದರು. ಅವರ ತಾತ ಹಿಂದೆ ಯಾವುದೋ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರಂತೆ. ಆ ರಕ್ತ ಮೈಯಲ್ಲಿದೆ ಎನ್ನುವುದು ಅವರ ನಂಬಿಕೆ, ಅವರು ಖರ್ಚು ಮಾಡುತ್ತಿದ್ದ ರೀತಿ ನೋಡಿದರೆ ನಮ್ಮ ನಂಬಿಕೆಯೂ ಹೌದು. ಆ ವರ್ಷ ನಾರ್ವೆ ದೇಶದ ಯಾವುದೋ ಊರಿನ ಯುವ ವಾದ್ಯವೃಂದವೊಂದು ದಕ್ಷಿಣ ಭಾರತದ ಪ್ರವಾಸಕ್ಕೆ ಬಂದಿತ್ತು. ಹೈಸ್ಕೂಲು ಕಾಲೇಜು ಓದುವ ಮಕ್ಕಳೇ ಪಿಟೀಲು, ಕಹಳೆ, ಕೊಳಲು ಹಿಡಿದು ದೇಶದೇಶ ತಿರುಗಿ, ಹೋದಕಡೆ ಅಲ್ಲಿಯವರ ಮನೆಗಳಲ್ಲೇ ಉಳಿದು, ಅಲ್ಲಿಯ ಮಕ್ಕಳೊಂದಿಗೆ ಸೇರಿ ನುಡಿಸಿ, ಜಗತ್ತಿನ ಜನ ಒಬ್ಬರನ್ನೊಬ್ಬರು ಅರಿಯುವಂತೆ ಮಾಡುವುದು ಅವರ ಉದ್ದೇಶ. ಪುಟ್ಟರಂಗಪ್ಪನವರು ಯಾರುಯಾರನ್ನೋ ಹಿಡಿದು ಈ ತಂಡವನ್ನು ತುಮಕೂರಿಗೂ ತರಿಸಿಯೇಬಿಟ್ಟರು. ಮಕ್ಕಳನ್ನು ಬಳಗದ ಸದಸ್ಯರ ಮನೆಗಳಿಗೆ ಹಂಚಲಾಯಿತು. ನಮ್ಮ ಪಾಲಿಗೆ ಬಂದವಳು ಮರಿಟ್ ಎಂಬ ಹುಡುಗಿ. ನಮ್ಮ ಮನೆಯ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕಾದಷ್ಟು ಎತ್ತರ, ಜೊತೆಗೆ ಅವಳಷ್ಟೇ ಎತ್ತರದ ಒಂದು ಕರಿ ಪೆಟ್ಟಿಗೆ.

ಆ ಪೆಟ್ಟಿಗೆಯಲ್ಲಿದ್ದದ್ದು ಚೆಲ್ಲೋ ಎಂಬ ವಾದ್ಯ. ಆಟೋದಲ್ಲಿ ಅದನ್ನು ಸೀಟಿನ ಮೇಲೆ ಕೂರಿಸಿ ಮರಿಟ್ ಅದರ ಕಾಲಬುಡದಲ್ಲಿ ಕುಳಿತು ಬಂದಿದ್ದಳು. ನನ್ನ ತಾಯಿ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿ, “ಇದೇನ್ಲಾ ಚಂದ್ರ, ನಮ್ಮ ಶುಭನ ಪಿಟೀಲು ಬಸ್ರಿಯಾದಂಗೈತೆ” ಎಂದರು. ಶುಭಾ ನನ್ನ ಮಗಳು, ಆಗ ಒಂಬತ್ತನೇ ಕ್ಲಾಸು, ನಾಲ್ಕಾರು ವರ್ಷಗಳಿಂದ ಪಿಟೀಲು ಕಲಿಯುತ್ತಿದ್ದಳು. ಅಮ್ಮ ಹೆಬ್ಬೂರಿನ ಕಡೆಯವರು, ಬದುಕಿನ ಬಹುಪಾಲು ಹಸು ಎಮ್ಮೆಗಳ ಮಧ್ಯೆ ಕಳೆದವರು. ಶುಕ್ರವಾರ ಆ ಕರಿ ಪೆಟ್ಟಿಗೆಗೂ ಅರಿಶಿನ ಕುಂಕುಮ ಹಚ್ಚಿ ಒಂದು ಮೊಳ ಕಾಕಡ ಹೂವು ಮುಡಿಸಿದರು. ಮರಿಟ್ ಅದನ್ನು ಒರೆಸಲಿಲ್ಲ. ಅವಳಿಗೆ ಕನ್ನಡ ಬಾರದು, ಅಮ್ಮನಿಗೆ ಕನ್ನಡ ಬಿಟ್ಟು ಬೇರೇನೂ ಬಾರದು, ಆದರೂ ಇಬ್ಬರೂ ಅಡುಗೆಮನೆಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಾ ಗಂಟೆಗಟ್ಟಲೆ ಮಾತಾಡಿಕೊಳ್ಳುತ್ತಿದ್ದರು. ನಾನು ಹೋಗಿ ನನ್ನ ಇಂಗ್ಲಿಷಿನಲ್ಲಿ ಏನಾದರೂ ವಿಚಾರಿಸಿದರೆ ಮಾತ್ರ ಆ ಹುಡುಗಿ ಗಾಬರಿಯಾಗಿ “ಪಾರ್ಡನ್?” ಎನ್ನುತ್ತಿದ್ದಳು. ಅಂತಾರಾಷ್ಟ್ರೀಯ ತಿಳಿವಳಿಕೆಗೆ ನಮ್ಮ ಮನೆಯಲ್ಲಿದ್ದ ಏಕೈಕ ಅಡ್ಡಿ ನಾನು ಎಂಬ ಸಂಶಯ ನನಗೆ ಆಗಲೇ ಬರಬೇಕಿತ್ತು.

ಇಲ್ಲಿ ಶುಭಾಳ ವಿಷಯ ಸ್ವಲ್ಪ ಹೇಳಬೇಕು. ಮನೆಯಲ್ಲಿ ಅವಳು ನುಡಿಸಿದರೆ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಇದು ತಂದೆಯ ಮಾತಲ್ಲ, ಎದುರುಮನೆಯವರ ಮಾತು. ಆದರೆ ಹಿಂದಿನ ವರ್ಷ ಗುಬ್ಬಿಯಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ವೇದಿಕೆ ಹತ್ತಿ ಕುಳಿತವಳಿಗೆ ಜನರನ್ನು ಕಂಡದ್ದೇ ಕೈ ನಡುಗಿ, ಕಮಾನು ತಂತಿಯ ಮೇಲೆ ನಿಲ್ಲದೆ, ಅರ್ಧಕ್ಕೇ ಎದ್ದು ಬಂದಿದ್ದಳು. ಅವತ್ತಿನಿಂದ ನಾಲ್ಕು ಜನರೆದುರು ನುಡಿಸುವುದಿಲ್ಲವೆಂದು ಹಟ ಹಿಡಿದಿದ್ದಳು. ಮನೆಗೆ ನೆಂಟರು ಬಂದರೆ ಪಿಟೀಲನ್ನು ಬೀರುವಿನ ಹಿಂದೆ ಬಚ್ಚಿಡುತ್ತಿದ್ದಳು. ಅವಳ ಪಾಠದ ಮೇಷ್ಟ್ರು, ನಾನು, ಲಲಿತ ಎಲ್ಲರೂ ಹೇಳಿ ಸೋತಿದ್ದೆವು. ಮರಿಟ್ ಏನೂ ಹೇಳಲಿಲ್ಲ. ಬಂದ ಮಾರನೆಯ ಬೆಳಿಗ್ಗೆ ಎದ್ದು ಹಾಲಿನಲ್ಲಿ ಕುರ್ಚಿ ಹಾಕಿಕೊಂಡು ನುಡಿಸತೊಡಗಿದಳು. ಸ್ವಲ್ಪ ಹೊತ್ತಿಗೆ ಬೀರುವಿನ ಹಿಂದಿನಿಂದ ಪಿಟೀಲು ಹೊರಗೆ ಬಂತು.

ಇಬ್ಬರೂ ಸೇರಿ ನುಡಿಸಲು ಮೊದಲ ಅಡಚಣೆ ರಾಗದ್ದಲ್ಲ, ಕೂರುವುದರದ್ದು. ಶುಭಾ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತುದಿಯನ್ನು ಪಾದದ ಮೇಲಿಟ್ಟು ನುಡಿಸುವವಳು. ಮರಿಟ್ ಕುರ್ಚಿಯ ಮೇಲೆ ಕುಳಿತು ಕಾಲುಗಳ ಮಧ್ಯೆ ವಾದ್ಯ ನಿಲ್ಲಿಸಿಕೊಳ್ಳಬೇಕು. ಒಬ್ಬಳು ಸೂರು ನೋಡಬೇಕು, ಇನ್ನೊಬ್ಬಳು ನೆಲ ನೋಡಬೇಕು. ನುಡಿಸುವಾಗ ಜೊತೆಯವಳ ಕಣ್ಣು ನೋಡದಿದ್ದರೆ ತನಗಾಗುವುದಿಲ್ಲ ಎಂದಳು ಮರಿಟ್. ಕೊನೆಗೆ ಶುಭಾ ಅಜ್ಜಿಯ ಮಂಚದ ಮೇಲೆ ಹತ್ತಿ ಕುಳಿತಳು, ಮರಿಟ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಳು, ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬಂದವು. ಮಂಚ ಹೋಯಿತೆಂದು ಅಮ್ಮ ಗೊಣಗಿದರು, ಆದರೆ ಅಲ್ಲಿಂದ ಕದಲಲಿಲ್ಲ.

ಮರಿಟ್ ಒಂದು ಸಂಜೆ ಅವರ ಊರಿನದೊಂದು ಧಾಟಿ ನುಡಿಸಿದಳು. ಸುಲಭವಾದದ್ದು, ಎಳೆದು ಎಳೆದು ಮೇಲಕ್ಕೇರಿ ನಿಲ್ಲುವಂಥದ್ದು. ಶುಭಾ ಅದರಲ್ಲಿ ಮೋಹನ ರಾಗದ ಸ್ವರಗಳಿವೆಯೆಂದು ಕಣ್ಣರಳಿಸಿದಳು. ಅಮ್ಮ ಮಾತ್ರ ಅವರೆಕಾಯಿ ಬಿಡಿಸುವ ಕೈ ನಿಲ್ಲಿಸಿ, “ಇದು ದನ ಕರೆಯೋ ದನಿ ಕಣೇ” ಎಂದರು. ನಾನು ನಕ್ಕೆ. ಶುಭಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದ ಕೂಡಲೇ ಮರಿಟ್ ಎದ್ದು ಬಂದು ಅಮ್ಮನ ಕೈ ಹಿಡಿದುಕೊಂಡಳು. ಬೆಟ್ಟದಲ್ಲಿ ಮೇಯಲು ಬಿಟ್ಟ ಹಸುಗಳನ್ನು ಸಂಜೆ ಮನೆಗೆ ಕರೆಯುವ ಹಾಡಂತೆ ಅದು, ಅವಳ ಅಜ್ಜಿ ಹಾಡುತ್ತಿದ್ದದ್ದಂತೆ. ಅಮ್ಮನಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ. “ಹಸ ಎಲ್ಲಿದ್ರೂ ಹಸವೇ ಅಲ್ವೇ, ಬಾ ಅಂದ್ರೆ ಬರ್ಬೇಕಲ್ಲ” ಎಂದು, ತಾವು ಹೆಬ್ಬೂರಿನ ಹೊಲದ ಬದುವಿನಲ್ಲಿ ನಿಂತು ಕರೆಯುತ್ತಿದ್ದ ಹಾಗೆ ಗಂಟಲೆತ್ತಿ “ಬಾವ್ವಾ ಕೆಂಪೀ, ಬಾ ಬಾ ಬಾ” ಎಂದು ಕೂಗಿ ತೋರಿಸಿದರು. ಮೂರನೇ ಮನೆಯವರು ಏನಾಯಿತೆಂದು ಕೇಳಿಕೊಂಡು ಬಂದರು.

ಅಲ್ಲಿಗೆ ಜಂಟಿ ಕಾರ್ಯಕ್ರಮ ಸಿದ್ಧವಾಯಿತು. ಮರಿಟ್ ಕರೆಯುವುದು, ಶುಭಾ ಓಗೊಡುವುದು, ಆಮೇಲೆ ಇಬ್ಬರೂ ಸೇರಿ ಬೆಟ್ಟ ಇಳಿಯುವುದು, ಕೊನೆಗೆ ವಾದ್ಯವೃಂದವೆಲ್ಲ ಜೊತೆಗೂಡುವುದು. ಆಹ್ವಾನಪತ್ರಿಕೆಯಲ್ಲಿ ನಾನು ಆಗಲೇ ‘ಪ್ರಾಚ್ಯ ಪಾಶ್ಚಾತ್ಯ ನಾದಸಂಗಮ’ ಎಂದು ಅಚ್ಚು ಹಾಕಿಸಿದ್ದೆ. ಅದು ದನ ಕರೆಯುವ ಹಾಡು ಎಂಬುದನ್ನು ಯಾರಿಗೂ ಹೇಳಬೇಡಿ ಎಂದು ಮನೆಯವರಿಗೆಲ್ಲ ತಾಕೀತು ಮಾಡಿದೆ. ಶುಭಾ ಕೇಳಿದ್ದು ಒಂದೇ ಮಾತು. “ಅಪ್ಪ, ನಮ್ದು ಕೊನೇಲಿದೆ. ಟೈಮ್ ಸಿಗುತ್ತಲ್ವಾ? ಈಗ ಬಿಟ್ರೆ ಇನ್ಯಾವತ್ತೂ ಸ್ಟೇಜ್ ಹತ್ತಲ್ಲ ನಾನು.” ನಾನು ಎದೆ ತಟ್ಟಿಕೊಂಡು, “ನಾನಿದೀನಲ್ಲಮ್ಮ” ಎಂದೆ.

ಕಾರ್ಯಕ್ರಮದ ಪೂರ್ವಭಾವಿ ಸಭೆಯಲ್ಲಿ ಸನ್ಮಾನದ ಪ್ರಶ್ನೆ ಬಂತು. ನಾರ್ವೆಯ ತಂಡದ ಮೇಷ್ಟ್ರು ಯೋಹಾನ್ ಎಂಬವರಿಗೆ ಒಂದು ಶಾಲು, ಒಂದು ಹಾರ ಹಾಕಿದರೆ ಸಾಕೆಂದು ನಾನು ಸೂಚಿಸಿದೆ. ಪುಟ್ಟರಂಗಪ್ಪನವರ ಮುಖ ಸಪ್ಪಗಾಯಿತು. “ಚಂದ್ರಣ್ಣ, ಅಷ್ಟು ದೂರದಿಂದ ಬಂದವ್ರೆ. ಒಬ್ರಿಗೆ ಹಾಕಿ ಇನ್ನೊಬ್ರಿಗೆ ಬುಟ್ರೆ ಭೇದ ಮಾಡ್ದಂಗಾಗಲ್ವಾ? ನಮ್ಮ ಗುಬ್ಬಿಯಾಗೆ ಮದ್ವೆಗೆ ಬಂದ ಡ್ರೈವರ್‌ಗೂ ಪೇಟ ಸುತ್ತಿ ಕಳುಸ್ತೀವಿ. ಇದು ಅಂತಾರಾಷ್ಟ್ರೀಯ ವಿಷ್ಯ, ಎಲ್ರಿಗೂ ಆಗ್ಲಿ.” ಎಲ್ಲರಿಗೂ ಅಂದರೆ ಮೂವತ್ತಕ್ಕೂ ಮಿಕ್ಕ ಮಕ್ಕಳಿಗೆ ತಲಾ ಒಂದು ಮೈಸೂರು ಪೇಟ, ಒಂದು ಶಾಲು, ಒಂದು ಗಂಧದ ಹಾರ, ಒಂದು ಹಣ್ಣಿನ ಚೀಲ. ಎಲ್ಲರಿಗೂ ಒಟ್ಟಿಗೆ ಕೊಟ್ಟುಬಿಡೋಣ ಎಂದರೆ ಅದಕ್ಕೂ ಒಪ್ಪಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆಸಿ ಮಾಡದಿದ್ದರೆ ಅದು ಸನ್ಮಾನವಲ್ಲ, ರೇಷನ್ ಹಂಚಿದ ಹಾಗೆ ಎಂದರು. ಅವರ ಕಣ್ಣಲ್ಲಿದ್ದ ನಿಜವಾದ ಪ್ರೀತಿ ಕಂಡು ನನಗೆ ಎದುರಾಡಲಾಗಲಿಲ್ಲ. ನಾನೂ ಒಳಗೊಳಗೇ ಪೇಟ ಒದಗಿಸುವವರ ಹೆಸರು ನೆನಪಿಟ್ಟುಕೊಳ್ಳತೊಡಗಿದ್ದೆ.

ಕಾರ್ಯಕ್ರಮ ಒಂದು ಕಲ್ಯಾಣ ಮಂಟಪದಲ್ಲಿ, ಭಾನುವಾರ ಬೆಳಿಗ್ಗೆ. ಮೇಲೆ ಸಭಾಂಗಣ, ಕೆಳಗೆ ಊಟದ ಹಾಲು. ನಮ್ಮ ಕಡೆ ಒಂದು ಪದ್ಧತಿಯಿದೆ. ಸಭೆ ಎಲ್ಲಿಗೆ ಬಂತೆಂದು ಅಡುಗೆಯವರಿಗೆ ತಿಳಿಯಲೆಂದು ಊಟದ ಹಾಲಿನಲ್ಲೂ ಒಂದು ಮೈಕಿನ ಬಾಕ್ಸು ಇಟ್ಟಿರುತ್ತಾರೆ. ವಂದನಾರ್ಪಣೆ ಶುರುವಾದದ್ದು ಕಿವಿಗೆ ಬಿದ್ದದ್ದೇ ಅವರು ಎಲೆ ಹಾಕತೊಡಗುತ್ತಾರೆ. ನನ್ನ ದನಿ ಕೇಳಿದರೆ ತುಮಕೂರಿನ ಅಡುಗೆಯವರ ಕೈ ತಾನಾಗಿ ನೀರಿನ ಜಗ್ಗಿಗೆ ಹೋಗುತ್ತಿತ್ತು. ಮಧ್ಯಾಹ್ನದ ಮೇಲೆ ಮಂಟಪವನ್ನು ಆರತಕ್ಷತೆಯವರಿಗೆ ಬಿಟ್ಟುಕೊಡಬೇಕಿತ್ತು. ನಾರ್ವೆಯವರ ಬಸ್ಸೂ ಊಟ ಮುಗಿದ ಕೂಡಲೇ ಹೊರಡಬೇಕಿತ್ತು, ಅವರಿಗೆ ಬೆಂಗಳೂರಿನಿಂದ ವಿಮಾನ.

ವಾದ್ಯವೃಂದಕ್ಕೆ ವೇದಿಕೆಯ ಮೇಲೆ ಜಾಗವೇ ಇರಲಿಲ್ಲ, ಅದು ಗಣ್ಯರ ಕುರ್ಚಿಗಳಿಂದ ತುಂಬಿಹೋಗಿತ್ತು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಸಭಾ ಕಾರ್ಯಕ್ರಮ ಮುಗಿಸಿ ಆಮೇಲೆ ಸಂಗೀತವೆಂದು ತೀರ್ಮಾನವಾಯಿತು. ಪ್ರಾರ್ಥನೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ ಎಲ್ಲವೂ ಸಾಂಗವಾಗಿ ನಡೆದವು. ಕುಣಿಗಲ್‌ನಿಂದ ಬಂದಿದ್ದ ಮುಖ್ಯ ಅತಿಥಿಗಳು ಪಾಶ್ಚಾತ್ಯರಿಂದ ನಾವು ಸಮಯಪಾಲನೆ ಕಲಿಯಬೇಕೆಂಬುದನ್ನು ಒಂದು ಗಂಟೆ ವಿವರಿಸಿದರು. ಆಮೇಲೆ ಸನ್ಮಾನ. ಆ ಮಕ್ಕಳ ಹೆಸರು ಕರೆಯುವುದೇ ಒಂದು ಸಾಹಸ. ಕರೆದದ್ದು ತಮ್ಮನ್ನೋ ಅಲ್ಲವೋ ತಿಳಿಯದೆ ಮೂವರು ಮೂವರು ಎದ್ದು ಬರುತ್ತಿದ್ದರು. ಒಬ್ಬನಿಗೆ ಎರಡು ಸಲ ಪೇಟ ಸುತ್ತಿ, ಅದನ್ನು ಬಿಚ್ಚುವುದು ಅಶುಭವೆಂದು ಹಾಗೇ ಬಿಟ್ಟರು.

ಕೊನೆಗೂ ಗಣ್ಯರನ್ನು ಬದಿಗೆ ಸರಿಸಿ ವಾದ್ಯವೃಂದ ವೇದಿಕೆ ಹತ್ತಿತು. ಹಾಕಿದ್ದನ್ನು ತೆಗೆದರೆ ನಮಗೆ ಬೇಸರವಾದೀತೆಂದು ಆ ಒಳ್ಳೆಯ ಮಕ್ಕಳು ಪೇಟ, ಶಾಲು, ಹಾರ ಸಮೇತ ನುಡಿಸಲು ಕುಳಿತರು. ಪಿಟೀಲಿನವರಿಗೆ ಗದ್ದದ ಕೆಳಗೆ ಹಾರ ಸಿಕ್ಕಿಕೊಳ್ಳುತ್ತಿತ್ತು. ಕಹಳೆಯ ಹುಡುಗ ಊದಿದಾಗ ಗಂಧದ ಚಕ್ಕೆಯೊಂದು ಮುಂದಿನವಳ ಪೇಟದ ಮೇಲೆ ಹೋಗಿ ಕುಳಿತಿತು. ಯೋಹಾನ್ ಮೇಷ್ಟ್ರು ವಾದ್ಯವೃಂದ ನಡೆಸಲು ಕಡ್ಡಿ ಎತ್ತಿದಾಗಲೆಲ್ಲ ಶಾಲು ಜಾರುತ್ತಿತ್ತು. ಆದರೂ ಸಂಗೀತ ಶುರುವಾದ ಮೇಲೆ ಇದೊಂದೂ ಕಾಣಲಿಲ್ಲ. ಮೈ ಜುಮ್ಮೆನ್ನುವಂತೆ ನುಡಿಸಿದರು. ಮೊದಲ ಭಾಗ ಮುಗಿದು, ಎರಡನೆಯದಕ್ಕೆ ಮುಂಚೆ ಮೇಷ್ಟ್ರು ಒಂದು ಕ್ಷಣ ಹಾಳೆ ತಿರುವಲು ನಿಂತರು. ಅವರ ಸಂಗೀತದಲ್ಲಿ ಭಾಗಭಾಗಗಳಿರುತ್ತವೆಂದೂ ನಡುವೆ ಮೌನವಾಗಿ ಕಾಯಬೇಕೆಂದೂ ನಮಗೇನು ಗೊತ್ತು? ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಚಪ್ಪಾಳೆ ಬಿದ್ದರೆ ಮುಗಿಯಿತೆಂದೇ ಅರ್ಥ. ಪುಟ್ಟರಂಗಪ್ಪನವರು ಎದ್ದು ಮೈಕಿನ ಬಳಿ ಬಂದು, “ಇಷ್ಟೊತ್ತೂ ಸುಶ್ರಾವ್ಯವಾಗಿ ನುಡ್ಸಿದ ಮಕ್ಕಳಿಗೆ ಶುಭವಾಗ್ಲಿ” ಎಂದು ಅಧ್ಯಕ್ಷೀಯ ಭಾಷಣ ಆರಂಭಿಸಿಯೇಬಿಟ್ಟರು. ಯೋಹಾನ್ ಮೇಷ್ಟ್ರ ಕಡ್ಡಿ ಮೇಲಕ್ಕೆತ್ತಿದ್ದು ಹಾಗೇ ನಿಂತಿತ್ತು. ಆಮೇಲೆ ಮೆಲ್ಲಗೆ ಇಳಿಯಿತು. ಅವರ ದೇಶದಲ್ಲಿ ಹಿರಿಯರು ಮಾತಾಡುವಾಗ ನಡುವೆ ನುಡಿಸುವ ಪದ್ಧತಿ ಇಲ್ಲವೆಂದು ಕಾಣುತ್ತದೆ, ಮಕ್ಕಳೂ ವಾದ್ಯಗಳನ್ನು ಮಡಿಲಲ್ಲಿಟ್ಟುಕೊಂಡು ಪುಟ್ಟರಂಗಪ್ಪನವರ ತಾತನ ಹಾರ್ಮೋನಿಯಂ ಕಥೆಯನ್ನು ಆದ್ಯಂತ ಕೇಳಿದರು.

ಶುಭಾ ವೇದಿಕೆಯ ಮೆಟ್ಟಿಲ ಬಳಿ ಪಿಟೀಲು ಹಿಡಿದು ನಿಂತಿದ್ದಳು. ಕುಣಿಗಲ್‌ನವರು ಮಾತಾಡುವಾಗಿಂದಲೂ ನಿಂತೇ ಇದ್ದಳು. ಕೈ ನಡುಗುತ್ತಿರಲಿಲ್ಲ, ಅದನ್ನು ನಾನು ಗಮನಿಸಿದ್ದೆ. ಅಧ್ಯಕ್ಷರು ಮುಗಿಸಿ ಕೂರುತ್ತಾ, “ಈಗ ನಮ್ಮ ಚಂದ್ರಣ್ಣ ಎಲ್ರಿಗೂ ವಂದನೆ ಹೇಳ್ಲಿ, ಆಮೇಲೆ ಟೈಮಿದ್ರೆ ಮಕ್ಕಳು ಇನ್ನೊಂದು ನುಡುಸ್ಲಿ” ಎಂದರು. ಲಲಿತ ಮುಂದಿನ ಸಾಲಿನಿಂದ ಎದ್ದು ವೇದಿಕೆಯ ಪಕ್ಕಕ್ಕೇ ಬಂದಳು.

“ರೀ, ಇವತ್ತೊಂದಿನ ವಂದನಾರ್ಪಣೆ ಬಿಟ್ಬಿಡಿ. ಶುಭ ನುಡಿಸ್ಲಿ.”

“ಬಿಡೋದು ಅಂದ್ರೆ ಹೆಂಗೆ? ಇಷ್ಟು ಜನ ಕೆಲಸ ಮಾಡಿದಾರೆ. ಎರಡೇ ಮಾತು, ಹೇಳಿ ಕರೆದ್ಬಿಡ್ತೀನಿ.”

“ನಿಮ್ಮ ಎರಡು ಮಾತು ನಂಗೊತ್ತಿಲ್ವಾ” ಎಂದು ಅವಳು ಹೋಗಿ ಶುಭಾಳ ಪಕ್ಕ ನಿಂತಳು.

ಎರಡೇ ಮಾತು ಹೇಳಬೇಕೆಂದೇ ನಾನು ಮೈಕಿನ ಮುಂದೆ ನಿಂತದ್ದು. ದೇವರಾಣೆಗೂ ಹೌದು. ಆದರೆ ಅಧ್ಯಕ್ಷರನ್ನು ನೆನೆದ ಮೇಲೆ ಮುಖ್ಯ ಅತಿಥಿಗಳನ್ನು ಬಿಡಲಾದೀತೆ? ಮುಖ್ಯ ಅತಿಥಿಗಳಾದ ಮೇಲೆ ಅವರನ್ನು ಕುಣಿಗಲ್‌ನಿಂದ ಕರೆತಂದ ಕಾರಿನವರನ್ನು? ನಾರ್ವೆ ದೇಶಕ್ಕೂ ಅದರ ಸರ್ಕಾರಕ್ಕೂ ವಂದಿಸಿ ಮಕ್ಕಳ ತಂದೆತಾಯಿಗಳನ್ನು ಮರೆತರೆ ಅವರು ಅಲ್ಲಿ ಏನೆಂದುಕೊಂಡಾರು? ಪೇಟದವರು, ಶಾಲಿನವರು, ಹಾಸಿಗೆ ದಿಂಬು ಕೊಟ್ಟವರು, ಹೂವಿನವರು, ಪ್ರೆಸ್ಸಿನವರು ಒಬ್ಬರ ಹಿಂದೊಬ್ಬರು ನನ್ನ ತಲೆಯೊಳಗೆ ಸಾಲಾಗಿ ನಿಂತು ಕೈಯೆತ್ತುತ್ತಿದ್ದರು. ಎದುರಿಗಿದ್ದವರು ಏಳತೊಡಗಿದರು. ಎಲೆ ಹಾಕುವ ಹೊತ್ತು, ಸಹಜ. ನನ್ನ ಬೆನ್ನ ಹಿಂದೆ ವಾದ್ಯವೃಂದ ಕೂಡ ಎದ್ದು ಇಳಿಯುತ್ತಿದ್ದದ್ದು ಕುರ್ಚಿಗಳ ಸದ್ದಿನಿಂದ ತಿಳಿಯಿತು. ಬೆಳಗಿನಿಂದ ಹಸಿದ ಮಕ್ಕಳು, ಉಂಡು ಬಂದೇ ನುಡಿಸಲಿ ಎಂದುಕೊಂಡೆ. ಆದರೆ ಅವತ್ತು ಇನ್ನೊಂದು ವಿಚಿತ್ರ ನಡೆಯಿತು. ಹೆಸರು ಹೇಳಿಸಿಕೊಳ್ಳಲು ಯಾವತ್ತೂ ಕಾದು ಕೂರುವವರೂ ಎದ್ದು ಹೋದರು. ಅಧ್ಯಕ್ಷರೂ ಹೋದರು. ನಾನು ಧೃತಿಗೆಡಲಿಲ್ಲ. ನೀರಿನ ಡ್ರಮ್ಮಿನವರೆಗೂ ಬಂದು, “ಎಲ್ಲಕ್ಕಿಂತ ಮಿಗಿಲಾಗಿ, ಈಗ ತಮ್ಮ ಮುಂದೆ ನುಡಿಸಲಿರುವ ಕುಮಾರಿ ಶುಭಾ ಮತ್ತು ಕುಮಾರಿ ಮರಿಟ್ ಇವರಿಗೆ” ಎಂದು ತಿರುಗಿ ನೋಡಿದೆ. ವೇದಿಕೆಯ ಮೇಲೆ ಖಾಲಿ ಕುರ್ಚಿಗಳಿದ್ದವು, ಸಭಾಂಗಣದಲ್ಲಿ ಮೈಕ್ ಸೆಟ್ಟಿನವನಿದ್ದ.

“ಅವ್ರು ಕೆಳಗೆ ನುಡಿಸ್ಬುಟ್ರು ಸಾರ್” ಎಂದ ಅವನು, ವೈರು ಕೈಗೆ ಸುತ್ತಿಕೊಳ್ಳುತ್ತಾ. “ಎಲ್ರೂ ಅಲ್ಲೇ ಅವ್ರೆ. ನಾನೂ ಹೋಯ್ತಿದ್ದೆ, ನೀವು ಬುಡ್ಲಿಲ್ಲ.”

ಓಡಿಕೊಂಡು ಕೆಳಗಿಳಿದೆ. ಊಟದ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲೆಗಳು ಹಾಕಿದ್ದವು, ಯಾರೂ ಕುಳಿತಿರಲಿಲ್ಲ. ಅಡುಗೆಯವರು ಸೌಟು ಹಿಡಿದುಕೊಂಡೇ ಒಲೆ ಬಿಟ್ಟು ಬಂದು ನಿಂತಿದ್ದರು. ಊಟದ ಮೇಜೊಂದರ ಮೇಲೆ, ಹಾಸಿದ ಪೇಪರಿನ ಮೇಲೆ ಶುಭಾ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು, ಪಕ್ಕದಲ್ಲಿ ಕುರ್ಚಿಯ ಮೇಲೆ ಮರಿಟ್, ಸುತ್ತಲೂ ಗೋಡೆಗೊರಗಿ ನಿಂತ ವಾದ್ಯವೃಂದ. ಕಮಾನುಗಳು ಆಗಲೇ ಕೆಳಗಿಳಿದಿದ್ದವು. ಜನ ಚಪ್ಪಾಳೆ ತಟ್ಟುತ್ತಿದ್ದರು, ಪುಟ್ಟರಂಗಪ್ಪನವರು ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ ಒಂದು ಮಾತೂ ಆಡದೆ ನಿಂತಿದ್ದರು. ಅವರು ಸುಮ್ಮನೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನ್ನ ಮಗಳು ಅಷ್ಟು ಜನರ ಮಧ್ಯೆ ತಲೆಯೆತ್ತಿ ನಗುತ್ತಿದ್ದಳು. ಅವಳು ನನ್ನನ್ನು ಕಂಡು, “ಅಪ್ಪ, ಕೇಳಿಸ್ತಾ?” ಎಂದಳು.

“ಕೇಳಿಸ್ತಮ್ಮ, ತುಂಬಾ ಚೆನ್ನಾಗಿತ್ತು” ಎಂದೆ. ಅವಳು ಇನ್ನೇನೋ ಹೇಳುವಷ್ಟರಲ್ಲಿ ಎಲೆಗೆ ಬಡಿಸಿದರು, ಉಂಡದ್ದೂ ಆಯಿತು, ಬಸ್ಸೂ ಬಂತು. ಮರಿಟ್ ಅಮ್ಮನನ್ನು ತಬ್ಬಿಕೊಂಡು ಅತ್ತಳು. ಯೋಹಾನ್ ಮೇಷ್ಟ್ರು ನನ್ನ ಕೈ ಕುಲುಕಿ “ಥ್ಯಾಂಕ್ಯೂ” ಎಂದು ಒಂದೇ ಮಾತು ಹೇಳಿ ಬಸ್ಸು ಹತ್ತಿದರು. ಇಷ್ಟರಲ್ಲೇ ಮುಗಿಸಬಹುದಿತ್ತಲ್ಲ ಎಂದು ಅನ್ನಿಸಿತು. ಮನೆಗೆ ಬಂದ ಮೇಲೂ ಮನಸ್ಸಿಗೆ ಸಮಾಧಾನವಿರಲಿಲ್ಲ. ಊರಿನವರೆಲ್ಲ ಸಿಕ್ಕಲ್ಲಿ ನಿಲ್ಲಿಸಿ ನನ್ನ ಮಗಳ ಪಿಟೀಲನ್ನು ಹೊಗಳುತ್ತಿದ್ದರು, ನಾನು ಕೇಳಿದವನಂತೆ ತಲೆಯಾಡಿಸುತ್ತಿದ್ದೆ. ಅಡುಗೆಯವರು ಕೇಳಿದ್ದಾರೆ, ಕುಣಿಗಲ್‌ನಿಂದ ಕಾರು ಓಡಿಸಿಕೊಂಡು ಬಂದವನು ಕೇಳಿದ್ದಾನೆ, ನಾನು ಕೇಳಿಲ್ಲ. ಅದು ನಿಜವಾಗಿ ನೋವಾಗುವ ವಿಷಯ. ಶುಭಾಳಿಗೆ ಇನ್ನೊಮ್ಮೆ ನುಡಿಸು ಎಂದರೆ, ಮರಿಟ್ ಇಲ್ಲದೆ ಅದು ಬರುವುದಿಲ್ಲವೆಂದಳು.

ಕೆಲವು ತಿಂಗಳಾದ ಮೇಲೆ ನಾರ್ವೆಯಿಂದ ಒಂದು ಪೊಟ್ಟಣ ಬಂತು. ಒಳಗೆ ಒಂದು ಕ್ಯಾಸೆಟ್ಟು. ಕಹಳೆಯ ಹುಡುಗ ಅವತ್ತು ಸಣ್ಣ ಟೇಪ್ ರೆಕಾರ್ಡರನ್ನು ಊಟದ ಮೇಜಿನ ಮೇಲೆ ಇಟ್ಟಿದ್ದನಂತೆ. ಮನೆಯವರೆಲ್ಲ ಸುತ್ತ ಕುಳಿತೆವು. ಟೇಪು ತಿರುಗತೊಡಗಿದ್ದೇ ಮೊದಲು ಕೇಳಿಸಿದ್ದು ನನ್ನದೇ ದನಿ. ಅಡುಗೆಯವರಿಗೆಂದು ಇಟ್ಟಿದ್ದ ಆ ಬಾಕ್ಸಿನಿಂದ, ಹಾಸಿಗೆ ದಿಂಬಿನವರಿಗೆ ಹೃತ್ಪೂರ್ವಕ ವಂದನೆ ಹೇಳುತ್ತಿದ್ದೆ. ನಡುವೆ ಪಾತ್ರೆಗಳ ಸದ್ದು, ತಂತಿ ಶ್ರುತಿ ಮಾಡುವ ಸದ್ದು. ಆಮೇಲೆ ಶುಭಾಳ ಮಾತು ಸ್ಪಷ್ಟವಾಗಿ ಕೇಳಿಸಿತು.

“ಅಪ್ಪ ಬರ್ಲಿ ಅಜ್ಜಿ. ಅಪ್ಪ ಬಂದ್ಮೇಲೇ ಶುರು ಮಾಡ್ತೀವಿ.”

“ಅವ್ನು ಇನ್ನೂ ನೀರಿನ ಡ್ರಮ್ಮಿಗೇ ಬಂದಿಲ್ಲ ಕಣವ್ವ” ಎಂದಿತು ಅಮ್ಮನ ದನಿ. “ಅವ್ನು ಬರಗಂಟ ಕಾದ್ರೆ ಆ ಮಗೀಗೆ ವಿಮಾನ ತಪ್ಪೋಯ್ತದೆ. ನೀವು ನುಡುಸ್ರವ್ವ.”

ನಾನು ಮುಂದುವರಿಯುತ್ತಲೇ ಇದ್ದೆ. ಹೂವಿನವರಾದರು, ಪ್ರೆಸ್ಸಿನವರಾದರು. ಚೆಲ್ಲೋ ಒಂದು ಸಲ ಎಳೆದು, ನನ್ನ ಮಾತಿಗೆ ಅಂಜಿ ನಿಂತಿತು. ಆಗ ಇನ್ನೊಂದು ಹೆಣ್ಣು ದನಿ, “ಈ ಬಾಕ್ಸಿನ ವೈರು ಎಲ್ಲಿದೆ ಸ್ವಲ್ಪ ತೋರ್ಸಪ್ಪಾ” ಎಂದಿತು. ಕಟ್ ಎಂಬ ಸದ್ದು. ನನ್ನ ದನಿ ವಾಕ್ಯದ ನಡುವೆ ನಿಂತುಹೋಯಿತು. ನಾನು ಲಲಿತಳ ಕಡೆ ನೋಡಿದೆ. ಅವಳು ಮೇಲೆ ಫ್ಯಾನು ನೋಡುತ್ತಿದ್ದಳು.

ಆಮೇಲೆ ಬಂದದ್ದನ್ನು ಹೇಗೆ ಹೇಳಲಿ. ಚೆಲ್ಲೋ ದೂರದಿಂದ ಕರೆಯಿತು. ಪಿಟೀಲು ಸ್ವಲ್ಪ ತಡೆದು, ಹತ್ತಿರದಿಂದಲೇ ಓಗೊಟ್ಟಿತು. ಒಂದಿಷ್ಟೂ ನಡುಗಲಿಲ್ಲ. ಎರಡೂ ಸೇರಿ ಇಳಿಯತೊಡಗಿದಾಗ ಅಮ್ಮನಿಗೆ ತಡೆಯಲಾಗಲಿಲ್ಲವೆಂದು ಕಾಣುತ್ತದೆ, “ಬಾವ್ವಾ ಕೆಂಪೀ” ಎಂದು ಗಂಟಲೆತ್ತಿದರು. ಯಾರೂ ನಗಲಿಲ್ಲ. ಆ ಕರೆಯ ಹಿಂದೆಯೇ ವಾದ್ಯವೃಂದವೆಲ್ಲ ಎದ್ದು ಬಂತು. ನಾನು ಗದ್ದಕ್ಕೆ ಕೈಕೊಟ್ಟು ಕುಳಿತು ಅತ್ತೆ. ಮಗಳೆದುರು ಅಳಬಾರದೆಂದು ನೆನಪಾಗಿ ಕನ್ನಡಕ ಒರೆಸಿಕೊಂಡೆ. ಶುಭಾ ಏನೂ ಕಾಣದವಳಂತೆ ಬಂದು ಪಕ್ಕದಲ್ಲಿ ಕುಳಿತಳು.

ಜೊತೆಗಿದ್ದ ಕಾಗದವನ್ನು ಅವಳೇ ಓದಿ ಹೇಳಿದಳು. ಮರಿಟ್‌ಳ ಊರಿನಲ್ಲಿ ಎಲ್ಲರೂ ಈ ಕ್ಯಾಸೆಟ್ಟನ್ನು ಮೆಚ್ಚಿದ್ದಾರಂತೆ. ಅದರಲ್ಲೂ ಮೊದಲಿಗೆ ಬರುವ ಅಂಕಲ್ಲಿನ ಮಂತ್ರಪಠಣ ಬಹಳ ಗಂಭೀರವಾಗಿದೆಯೆಂದೂ, ಭಾರತದಲ್ಲಿ ಸಂಗೀತಕ್ಕೆ ಮುನ್ನ ಹೀಗೆ ದೇವತೆಗಳನ್ನೆಲ್ಲ ಒಬ್ಬೊಬ್ಬರನ್ನಾಗಿ ಆವಾಹಿಸುತ್ತಾರೆಯೇ ಎಂದೂ ಅವಳ ಶಾಲೆಯ ಮೇಷ್ಟ್ರೊಬ್ಬರು ಕೇಳಿದ್ದಾರಂತೆ. ಆ ಭಾಗವನ್ನು ಅವರು ಶಾಲೆಯಲ್ಲಿ ಮಕ್ಕಳಿಗೆ ಕಣ್ಣು ಮುಚ್ಚಿಸಿ ಕೇಳಿಸುತ್ತಾರಂತೆ.

“ಅಂತೂ ನಿಮ್ಮ ವಂದನಾರ್ಪಣೆನ ಎದ್ದು ಹೋಗದೆ ಕೂತು ಕೇಳೋ ಜನ ಪ್ರಪಂಚದಲ್ಲಿದಾರೆ” ಎಂದಳು ಲಲಿತ. “ಒಂದಕ್ಷರ ಅರ್ಥ ಆಗ್ಬಾರ್ದು, ಅಷ್ಟೇ.”

ಈಗಲೂ ಮನೆಗೆ ಯಾರಾದರೂ ಬಂದರೆ ಆ ಕ್ಯಾಸೆಟ್ಟು ಹಾಕುತ್ತೇನೆ. ಶುಭಾ ಆಮೇಲೆ ಎಷ್ಟೋ ವೇದಿಕೆಗಳಲ್ಲಿ ನುಡಿಸಿದ್ದಾಳೆ, ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದೇನೆ, ಆದರೂ ನನಗೆ ಇದೇ ಬೇಕು. ಬಂದವರಿಗೆ ಕೇಳಿಸುವ ಮುಂಚೆ ಟೇಪನ್ನು ಸ್ವಲ್ಪ ಮುಂದಕ್ಕೆ ಓಡಿಸಿ, ಆ ‘ಕಟ್’ ಎಂಬ ಸದ್ದಿನ ಹತ್ತಿರ ತಂದು ನಿಲ್ಲಿಸುತ್ತೇನೆ. ಎಲ್ಲಿ ನಿಲ್ಲಿಸಬೇಕೆಂದು ನೋಡಿಕೊಳ್ಳುವ ಅಗತ್ಯವೂ ಇಲ್ಲ, ಕೈಗೇ ಅಭ್ಯಾಸವಾಗಿದೆ. ಇಷ್ಟು ವರ್ಷ ಮಾತಾಡಿಯೂ, ನನ್ನ ಭಾಷಣ ಎಲ್ಲಿ ಮುಗಿಯಬೇಕೆಂದು ನನಗೆ ಖಚಿತವಾಗಿ ಗೊತ್ತಿರುವುದು ಅದೊಂದು ಜಾಗದಲ್ಲಿ ಮಾತ್ರ.